ಗೊಂಬೆಯಂಥ ಹುಡುಗಿ

ಸಹೋದರಿಯರೇ, ಹೆಣ್ಣು ನೋಡಲು ಬಂದವರ ಮುಂದೆ ನಾವು ಮಗಳನ್ನು ಹೇಗೆ ಹೊಗಳುತ್ತೇವೆ, ಸ್ವಲ್ಪ ನೆನಪಿಸಿಕೊಳ್ಳಿ. ‘ಗುಡಿಯಾ ಜೈಸಿ ಬಚ್ಚಿ’ ಎನ್ನುತ್ತೇವೆ. ನಮ್ಮ ಶಿರವಾಳದ ನೆರೆಮನೆಯವರು ‘ಗೊಂಬಿ ಇದ್ದಾಂಗ ಅದಾಳ’ ಎನ್ನುತ್ತಾರೆ. ನೋಡಲು ಚೆಂದ ಎಂಬುದಷ್ಟೇ ಅದರ ಅರ್ಥವಲ್ಲ. ಎದುರು ಮಾತಾಡುವುದಿಲ್ಲ, ದಾರ ಎಳೆದಂತೆ ನಡೆಯುತ್ತಾಳೆ ಎಂಬ ಭರವಸೆಯೂ ಅದರಲ್ಲಿದೆ. ಆದರೆ ದಾರದ ಗೊಂಬೆ ನಿಜಕ್ಕೂ ಹಾಗಿರುತ್ತದೆಯೇ?

ನಮ್ಮ ಭಾಗದಲ್ಲಿ ಗೊಂಬೆಯಾಟವೆಂದರೆ ಊರೂರು ತಿರುಗುವ ಕಿಳ್ಳೇಕ್ಯಾತರ ತೊಗಲುಗೊಂಬೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿಯೇ 2025ರಲ್ಲಿ ಪದ್ಮಶ್ರೀ ಬಂತು. ಮರದಲ್ಲಿ ಕೆತ್ತಿ ದಾರದಿಂದ ಆಡಿಸುವ ಸೂತ್ರದ ಗೊಂಬೆ ಬೇರೆ. ಕೆಲವು ವರ್ಷಗಳ ಹಿಂದೆ ಅಂಥ ಒಂದು ತಂಡ ನಾನು ಪಾಠ ಮಾಡುವ ಶಾಲೆಗೆ ಬಂದಿತ್ತು. ಆಟ ಮುಗಿದ ಮೇಲೆ ಒಂದು ಗೊಂಬೆಯನ್ನು ಕೇಳಿ ಕೈಗೆ ತೆಗೆದುಕೊಂಡೆ. ಎರಡೇ ನಿಮಿಷಕ್ಕೆ ಮಣಿಕಟ್ಟು ನೋಯಿತು. ಗೊಂಬೆ ನಡೆಯಲಿಲ್ಲ, ಸುಮ್ಮನೆ ತೂಗಾಡಿತು.

ಆಗ ಅದರ ರಚನೆಯನ್ನು ಗಮನವಿಟ್ಟು ನೋಡಿದೆ. ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲೆಡೆ ಕೀಲು. ಮೊಣಕಾಲು ಹಿಂದಕ್ಕೆ ಮಾತ್ರ ಮಡಚಬೇಕು, ಮುಂದಕ್ಕೂ ಮಡಚಿದರೆ ಗೊಂಬೆ ಕುಸಿಯುತ್ತದೆ. ಪಾದಕ್ಕೆ ತನ್ನದೇ ತೂಕ ಬೇಕು, ಇಲ್ಲದಿದ್ದರೆ ಹೆಜ್ಜೆ ನೆಲಕ್ಕೆ ಕೂರುವುದಿಲ್ಲ. ಕೀಲು ಬಿಗಿಯಾದರೆ ಕೊರಡು, ತೀರಾ ಸಡಿಲಾದರೆ ಚಿಂದಿ. ದಾರವು ಗೊಂಬೆಯನ್ನು ಎತ್ತಬಲ್ಲದು, ಅಷ್ಟೇ. ನಡೆಯುವ ಗುಣವನ್ನು ಮಾಡಿದವರು ಮೊದಲೇ ಮರದೊಳಗೆ ಇಟ್ಟಿರಬೇಕು.

ಈ ವಿದ್ಯೆಗೆ ಕುಂದಾಪುರದ ಬಳಿಯ ಉಪ್ಪಿನಕುದ್ರು ಹೆಸರುವಾಸಿ. ಅಲ್ಲಿನ ಕೊಗ್ಗ ದೇವಣ್ಣ ಕಾಮತರ ಯಕ್ಷಗಾನ ಗೊಂಬೆಗಳು ದೇಶ ವಿದೇಶ ಸುತ್ತಿವೆ. ಯಕ್ಷಗಾನದ ಗೊಂಬೆಯನ್ನು 5ರಿಂದ 7 ದಾರಗಳಿಂದ ಆಡಿಸುತ್ತಾರೆ. ಕಷ್ಟದ ಚಲನೆಯಾದರೆ ಒಂದೇ ಗೊಂಬೆಗೆ ಇಬ್ಬರು ಮೂವರು ಕೈ ಹಚ್ಚಬೇಕು. ನಮ್ಮ ರಾಜ್ಯದ ಸೂತ್ರ ಸಲಾಕೆ ಗೊಂಬೆಯಲ್ಲಂತೂ ದಾರವನ್ನು ಆಡಿಸುವವರ ತಲೆಯ ಮೇಲಿನ ಬಳೆಗೆ ಕಟ್ಟುತ್ತಾರೆ, ಗೊಂಬೆಯ ಕೈಗಳನ್ನು ಕಂಬಿಯಿಂದ ಆಡಿಸುತ್ತಾರೆ. ಗೊಂಬೆಯ ಭಾರವೆಲ್ಲ ತಲೆಯ ಮೇಲೆ. ಗೊಂಬೆ ಕುಣಿಯಬೇಕಾದರೆ ಆಡಿಸುವವರೂ ಕುಣಿಯಬೇಕು.

ಇದನ್ನು ಏಕೆ ಹೇಳುತ್ತಿದ್ದೇನೆ? ನನ್ನ ವಿದ್ಯಾರ್ಥಿನಿಯೊಬ್ಬಳು ಹತ್ತನೆಯಲ್ಲಿ ಒಳ್ಳೆಯ ಅಂಕ ತೆಗೆದಳು. ಕಾಲೇಜಿಗೆ ಕಳಿಸಿ ಎಂದು ಅವಳ ತಾಯಿಗೆ ಹೇಳಿದೆ. “ಆಪಾ, ಕಾಲೇಜಿಗೆ ಹೋದರೆ ಮಾತು ಕಲಿಯುತ್ತಾಳೆ. ಈಗ ಗೊಂಬೆಯ ಹಾಗಿದ್ದಾಳೆ, ಹಾಗೇ ಇರಲಿ” ಎಂದರು. ಹದಿನೆಂಟು ತುಂಬಿದೊಡನೆ ನಿಕಾಹ್ ಆಯಿತು. ಗಂಡ ಬೆಂಗಳೂರಿನಲ್ಲಿ ದುಡಿಯುತ್ತಾನೆ. ಮೊನ್ನೆ ಆಕೆಯ ಅತ್ತೆ ಸಿಕ್ಕು ದೂರಿದರು: “ಮಗುವಿಗೆ ರಾತ್ರಿಯಿಡೀ ಜ್ವರ. ಗಂಡನ ಫೋನು ಬರಲಿ ಎಂದು ಬೆಳಗಿನವರೆಗೆ ಕಾದು ಕೂತಳು. ತಾನಾಗಿ ಏನೂ ತೋಚುವುದಿಲ್ಲ ಈ ಹುಡುಗಿಗೆ.” ಗೊಂಬೆಯಂಥ ಸೊಸೆಯೇ ಬೇಕೆಂದು ಹುಡುಕಿದವರು ಅವರೇ! ಅಲ್ಲಾಹನ ಕೃಪೆ, ಮಗು ಗುಣವಾಯಿತು. ಆದರೆ ನನಗೆ ನೋಯುತ್ತಿದ್ದ ಆ ಮಣಿಕಟ್ಟು ನೆನಪಾಯಿತು. ತನ್ನ ಹೆಜ್ಜೆಯ ತೂಕವಿಲ್ಲದ ಗೊಂಬೆ ಹಿಡಿದ ಕೈಗೇ ಭಾರ.

ಹಝ್ರತ್ ಆಯಿಶಾ(ರ)ರ ಗೊಂಬೆಗಳ ಬಗ್ಗೆ ನೀವು ಕೇಳಿರುತ್ತೀರಿ. ಅವುಗಳ ನಡುವೆ ಬಟ್ಟೆಯ ರೆಕ್ಕೆ ಹಚ್ಚಿದ ಒಂದು ಕುದುರೆಯಿತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಗಳಿದ್ದವೆಂದು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುನುಡಿದರು. ಪ್ರವಾದಿವರ್ಯರು(ಸ) ಗದರಲಿಲ್ಲ, ಮನಸಾರೆ ನಕ್ಕರು. ಉಮ್ಮತ್ತಿಗೆ ಸಾವಿರಾರು ಹದೀಸ್‌ಗಳನ್ನು ತಲುಪಿಸಿದವರು ಆ ಆಯಿಶಾ(ರ)ರೇ. ಮಾತು ಕಲಿತವರು ಕೆಟ್ಟರೇ, ಹೇಳಿ?

ಮಗಳಿಗೆ ವಿನಯ ಕಲಿಸೋಣ, ಬೇಡವೆಂದವರಾರು? ಜೊತೆಗೆ ಮನೆಯ ಲೆಕ್ಕ ಅವಳ ಕೈಗೂ ಬರಲಿ. ಆಸ್ಪತ್ರೆಯ ದಾರಿ ಅವಳಿಗೂ ಗೊತ್ತಿರಲಿ. ಸಂಬಂಧದ ಮಾತು ಬಂದಾಗ ಅವಳನ್ನೂ ಕೇಳೋಣ, ಉತ್ತರ ಬರುವವರೆಗೆ ಕಾಯೋಣ.