ಬಸುರಿ ಊಸರವಳ್ಳಿ

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆ ಇರುವುದು ಮಗ್ಗಗಳ ನಡುವೆ. ಗೋಡೆಯ ಆ ಬದಿ ನಾಲ್ಕು ಪವರ್‌ಲೂಮ್, ಈ ಬದಿ ನಮ್ಮ ಅಡುಗೆಮನೆ. ಬೆಳಿಗ್ಗೆ ಶುರುವಾದ ಖಟಪಟ ರಾತ್ರಿಯವರೆಗೂ ನಿಲ್ಲುವುದಿಲ್ಲ. ಕರೆಂಟು ಹೋದಾಗ ಮಾತ್ರ ನಮ್ಮ ಮನೆಯ ಗಡಿಯಾರದ ಟಿಕ್ ಟಿಕ್ ನಮಗೆ ಕೇಳಿಸುತ್ತದೆ. ಈ ಸದ್ದಿಗೂ ನಾನು ಹೇಳಹೊರಟ ಪ್ರಾಣಿಗೂ ಸಂಬಂಧವಿದೆ. ಅದಕ್ಕೇ ಮೊದಲು ಹೇಳಿದೆ.

2022ರ ಅಕ್ಟೋಬರ್ ಕೊನೆಯ ವಾರ. ಆ ವರ್ಷ ಮಳೆ ಧಾರಾಳವಾಗಿ ಸುರಿದಿತ್ತು. ನಾನು ಪಾಠ ಮಾಡುವ ಹಳ್ಳಿ ಶಾಲೆಯ ಪಕ್ಕದ ಹೊಲದಲ್ಲಿ ಲೇಔಟ್ ಮಾಡಲು ಜೆಸಿಬಿ ಬಂದಿತ್ತು. ಲಂಟಾನ, ಕತ್ತಾಳೆ, ಬಂದರೆ ಗಿಡಗಳ ಹಳೆಯ ಬೇಲಿಯನ್ನು ಅದು ಒಂದೇ ಮಧ್ಯಾಹ್ನದಲ್ಲಿ ಕಿತ್ತು ಗುಡ್ಡೆ ಹಾಕಿತು. ಸಂಜೆ ಶಾಲೆ ಬಿಟ್ಟಾಗ ಹುಡುಗರೆಲ್ಲ ಆ ಗುಡ್ಡೆಯ ಸುತ್ತ ನಿಂತು ಕಲ್ಲು ಬೀರುತ್ತಿದ್ದರು. ಒಂಬತ್ತು ವರ್ಷದ ನನ್ನ ಮಗ ಅವರ ನಡುವೆ ನುಗ್ಗಿ ಒಂದು ಕೊಂಬೆಯನ್ನು ಎತ್ತಿಕೊಂಡು ಓಡಿಬಂದ. ಕೊಂಬೆಯ ತುದಿಯಲ್ಲಿ ಗೇಣಿಗಿಂತ ತುಸು ಉದ್ದದ ಊಸರವಳ್ಳಿ. ಭಯಕ್ಕೋ ಸಿಟ್ಟಿಗೋ ಮೈಯೆಲ್ಲ ಕಪ್ಪಿಟ್ಟಿತ್ತು.

"ಅಮ್ಮಿ, ಒಂದೇ ದಿನ" ಎಂದ. ನಾನು ಬೇಡ ಎನ್ನಬೇಕಿತ್ತು, ಎನ್ನಲಿಲ್ಲ.

ಮನೆಯಲ್ಲಿ ಮೊದಲು ಎದುರಾದವರು ನಮ್ಮತ್ತೆ. "ತೋಬಾ, ಗಿರ್ಗಿಟ್! ದೂರದಿಂದಲೇ ರಕ್ತ ಹೀರುತ್ತೆ, ಆಚೆ ಹಾಕು" ಎಂದು ಸೆರಗು ಮುಚ್ಚಿಕೊಂಡರು. ಮೈದುನನ ಮಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದನ್ನು ಹೊಡೆದರೆ ಸವಾಬ್ ಸಿಗುತ್ತದೆ ಎಂದು ಚಪ್ಪಲಿ ಹುಡುಕತೊಡಗಿದ. ಕಲ್ಲು ಬೀರಿದ ಹುಡುಗರಲ್ಲಿ ನಮ್ಮವರೂ ಇದ್ದರು, ಗೌಡರ ಮಕ್ಕಳೂ ಇದ್ದರು. ನಮ್ಮವರಿಗೆ ಸವಾಬಿನ ನೆಪ, ಅವರಿಗೆ ವಿಷದ ನೆಪ. ನಿಜ ಹೇಳಬೇಕೆಂದರೆ ಇದಕ್ಕೆ ವಿಷವೂ ಇಲ್ಲ, ರಕ್ತ ಹೀರುವ ಬಾಯಿಯೂ ಇಲ್ಲ.

ಅಂದು ರಾತ್ರಿ ಅಬ್ಬಾಗೆ ಫೋನ್ ಮಾಡಿದೆ. ಅವರಿಗೆ ಅರಬಿ ಬರುತ್ತದೆ. ಅವರು ನಗುತ್ತಾ, "ಹದೀಸಿನಲ್ಲಿ ಬರುವ ಪದ ವಝಗ್. ಅದು ಹಲ್ಲಿಯ ಜಾತಿಗೆ ಹೇಳುವ ಮಾತು. ಊಸರವಳ್ಳಿಗೆ ಅರಬಿಯಲ್ಲಿ ಹಿರ್ಬಾ ಎಂಬ ಬೇರೆಯೇ ಹೆಸರಿದೆ" ಎಂದರು. ಹದಿನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಅಲ್-ದಮೀರಿ ಬರೆದ 'ಹಯಾತುಲ್ ಹಯವಾನ್' ಎಂಬ ಪ್ರಾಣಿಕೋಶದಲ್ಲಿ ಹಿರ್ಬಾವನ್ನು ಪ್ರತ್ಯೇಕವಾಗಿಯೇ ವಿವರಿಸಲಾಗಿದೆಯಂತೆ. ಅರಬರಿಗೆ ಗೊತ್ತಿದ್ದ ವ್ಯತ್ಯಾಸ ನಮ್ಮ ಮೊಹಲ್ಲಾಕ್ಕೆ ಬರುವಷ್ಟರಲ್ಲಿ ಕಳೆದುಹೋಗಿತ್ತು. ಓತಿಕ್ಯಾತ, ಹಲ್ಲಿ, ಗೋಸುಂಬೆ ಎಲ್ಲವೂ ನಮಗೆ ಗಿರ್ಗಿಟ್. ಎಲ್ಲಕ್ಕೂ ಒಂದೇ ಕಲ್ಲು.

ಹಿತ್ತಿಲಿನ ದಾಳಿಂಬೆ ಗಿಡದ ಮೇಲೆ ಅದನ್ನು ಬಿಟ್ಟು ಸುತ್ತ ಹಳೆಯ ಸೊಳ್ಳೆಪರದೆ ಕಟ್ಟಿದೆವು. ಮರುದಿನ ಹಸಿರು ಬಣ್ಣಕ್ಕೆ ಮರಳಿತ್ತು. ಮಗ ಮಿಡತೆ ಹಿಡಿದು ತಂದ. ಅದು ಒಂದು ಕಣ್ಣಿನಲ್ಲಿ ಮಿಡತೆಯನ್ನು, ಇನ್ನೊಂದರಲ್ಲಿ ನಮ್ಮತ್ತೆಯನ್ನು ನೋಡಿ ಸುಮ್ಮನೆ ಕುಳಿತಿತು. ಮೈಗಿಂತ ಉದ್ದದ ನಾಲಿಗೆ ಚಾಚುತ್ತದೆ ಎಂದು ಪಾಠದಲ್ಲಿ ಓದಿದ್ದ ಮಗನಿಗೆ ನಿರಾಸೆ. ಬಟ್ಟಲಲ್ಲಿಟ್ಟ ನೀರನ್ನೂ ಮುಟ್ಟಲಿಲ್ಲ. ಎಲೆಗಳ ಮೇಲೆ ನೀರು ಚಿಮುಕಿಸಿದಾಗ ಮಾತ್ರ ಹನಿಹನಿಯಾಗಿ ಬಹಳ ಹೊತ್ತು ಕುಡಿಯಿತು. ಇದು ಎಲೆಯ ಮೇಲಿನ ಹನಿಯನ್ನು ಕುಡಿಯುವ ಪ್ರಾಣಿ, ಬಟ್ಟಲಲ್ಲಿ ನಿಂತ ನೀರು ಅದಕ್ಕೆ ನೀರಲ್ಲ ಎಂಬುದು ಆಮೇಲೆ ತಿಳಿಯಿತು.

ಮೂರನೆಯ ದಿನ ಹೊಸ ಚಾಳಿ ಶುರುವಾಯಿತು. ಮರ ಬಿಟ್ಟು ಇಳಿಯದ ಪ್ರಾಣಿ ಪದೇಪದೇ ನೆಲಕ್ಕೆ ಇಳಿಯುತ್ತಿತ್ತು. ಇಕ್ಕಳದಂತೆ ಎರಡಾಗಿ ಸೀಳಿದ ಆ ಪಾದಗಳು ಕೊಂಬೆ ಹಿಡಿಯಲು ಹೇಳಿ ಮಾಡಿಸಿದಂಥವು. ನೆಲದ ಮೇಲೆ ಅದು ತೂರಾಡುತ್ತಾ ನಡೆದು ಸಿಮೆಂಟಿನ ಮೂಲೆಯನ್ನು ಕೆರೆಯುತ್ತಿತ್ತು. ಮೈಮೇಲೆ ಕಪ್ಪು ಪಟ್ಟೆ, ಹಳದಿ ಚುಕ್ಕಿ. ಕಾಯಿಲೆಯೇ ಇರಬೇಕೆಂದು ಹೆದರಿದೆ.

ಹೊಟ್ಟೆಯ ಪಕ್ಕವನ್ನು ಮೊದಲು ಗಮನಿಸಿದವರು ನಮ್ಮತ್ತೆಯೇ. ಅವರೆಕಾಯಿಯ ಸಿಪ್ಪೆಯೊಳಗೆ ಕಾಳು ಉಬ್ಬಿದಂತೆ ಚರ್ಮದಡಿ ಸಾಲಾಗಿ ಗಂಟುಗಳು. ಏಳು ಹೆತ್ತ ಅವರು ಸ್ವಲ್ಪ ಹೊತ್ತು ನೋಡಿ, "ದುಲ್ಹನ್, ಇದು ಬಸುರಿ. ಜಾಗ ಹುಡುಕ್ತಾ ಇದೆ" ಎಂದರು. ಆಮೇಲೆ ತಾವೇ ಚೊಂಬು ತಂದು ಗಿಡಕ್ಕೆ ನೀರು ಚಿಮುಕಿಸಿದರು. ರಕ್ತ ಹೀರುವ ವಿಷಯ ಮತ್ತೆ ಎತ್ತಲಿಲ್ಲ.

ಜಿದ್ದಾದಲ್ಲಿರುವ ನನ್ನ ತಮ್ಮನ ಗೆಳೆಯನೊಬ್ಬ ಯೆಮನ್ ಜಾತಿಯ ಊಸರವಳ್ಳಿ ಸಾಕಿದ್ದ. ಯೆಮನ್ ಮತ್ತು ಸೌದಿಯ ನೈರುತ್ಯ ಬೆಟ್ಟಗಳ ಆ ಪ್ರಾಣಿಯನ್ನು ಅನೇಕ ದೇಶಗಳಲ್ಲಿ ಜನ ಪಂಜರದಲ್ಲಿ ಸಾಕುತ್ತಾರೆ. ತಮ್ಮ ಅವನನ್ನು ಕೇಳಿ ಹೇಳಿದ್ದು ಇಷ್ಟು. ಮೊಟ್ಟೆಯಿಡಲು ಅದಕ್ಕೆ ಒಂದಡಿಯಷ್ಟು ಆಳದ ಹಸಿ ಮಣ್ಣು ಬೇಕು. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒಣಗಿದ್ದರೆ ಸುರಂಗ ಕುಸಿಯುತ್ತದೆ. ಜೊತೆಗೆ ಏಕಾಂತ ಬೇಕು. ಯಾರೋ ನೋಡುತ್ತಿದ್ದಾರೆ ಎನಿಸಿದರೆ ಅರ್ಧ ತೋಡಿದ ಗುಂಡಿಯನ್ನೂ ಬಿಟ್ಟು ಬರುತ್ತದೆ. ಜಾಗ ಸಿಗದಿದ್ದರೆ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ತಡೆದುಕೊಳ್ಳುತ್ತದೆ, ತಡೆದುಕೊಂಡೇ ಸಾಯುತ್ತದೆ.

ಆ ಕೊನೆಯ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪೇಂಟಿನ ದೊಡ್ಡ ಬಕೆಟ್ ತೊಳೆದು ಕೆಮ್ಮಣ್ಣು, ಮರಳು ಬೆರೆಸಿ ತುಂಬಿದೆವು. ಅದು ಇಳಿದು ಮೂಸಿದಂತೆ ಮಾಡಿ ವಾಪಸು ಹತ್ತಿತು. ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ನಿಂತವು. ಹತ್ತು ನಿಮಿಷವಾಗಿರಬೇಕು, ಅದು ಬಕೆಟ್ಟಿಗಿಳಿದು ಮುಂಗಾಲುಗಳಿಂದ ತೋಡತೊಡಗಿತು. ಅಡುಗೆಮನೆಯ ಕಿಟಕಿಯ ಸಂದಿಯಿಂದ ಮೂರು ತಲೆಮಾರು ಉಸಿರು ಬಿಗಿಹಿಡಿದು ನೋಡಿದೆವು. ತಲೆ ಮಣ್ಣೊಳಗೆ ಮರೆಯಾಗುವಷ್ಟು ತೋಡಿತ್ತು. ಅಷ್ಟರಲ್ಲಿ ಕರೆಂಟು ಬಂತು, ಖಟಪಟ ಶುರುವಾಯಿತು. ಊಸರವಳ್ಳಿಗೆ ಹೊರಗಿವಿಯ ತೂತೇ ಇಲ್ಲ, ಸದ್ದು ಅದಕ್ಕೆ ಅಷ್ಟಾಗಿ ಕೇಳಿಸುವುದಿಲ್ಲ. ಆದರೆ ಅದುರುವಿಕೆ ಮೈಗೆ ತಿಳಿಯುತ್ತದೆ. ನಮ್ಮ ಮನೆಯ ನೆಲವೋ, ಸ್ಟೀಲ್ ಲೋಟ ತಾನಾಗಿಯೇ ಸರಿಯುವಂಥದ್ದು. ಅದು ಮಣ್ಣು ಮೆತ್ತಿದ ಮುಖ ಹೊತ್ತು ಹೊರಬಂದು ಗಿಡ ಹತ್ತಿ ಕಣ್ಣು ಮುಚ್ಚಿತು. ಹಗಲಿನಲ್ಲಿ ಅದು ಕಣ್ಣು ಮುಚ್ಚುವುದು ಒಳ್ಳೆಯ ಲಕ್ಷಣವಲ್ಲ ಎಂದು ತಮ್ಮ ಹೇಳಿದ್ದ.

ಇದೇ ಮನೆಯಲ್ಲಿ ನನ್ನ ಮಗ ಹುಟ್ಟುವ ಹಿಂದಿನ ರಾತ್ರಿ ನಾನೂ ಹೀಗೆ ಮಗ್ಗಗಳ ಸದ್ದಿನ ನಡುವೆ ನೋವು ತಿಂದಿದ್ದೆ. ಒಂದು ಗಳಿಗೆ ನಿಲ್ಲಿಸಿ ಎಂದು ಕೇಳಲು ನನಗೆ ಬಾಯಿಯಾದರೂ ಇತ್ತು. ಕೇಳಿರಲಿಲ್ಲ, ಅದು ಬೇರೆ ಮಾತು. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ.

ಶನಿವಾರ ಬೆಳಿಗ್ಗೆ ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಬೈಕಿನಲ್ಲಿ ಬಂದ ಸಿಬ್ಬಂದಿ ಸೌಮ್ಯವಾಗಿಯೇ ಹೇಳಿದರು. ನಮ್ಮ ಊಸರವಳ್ಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಸಾಕುವಂತಿಲ್ಲ, ಪ್ರೀತಿಯಿಂದಲೂ ಸಾಕುವಂತಿಲ್ಲ. ಸಮಾಜ ಪಾಠದಲ್ಲಿ ಕಾನೂನು ಕಲಿಸುವ ನಾನು ನಾಲ್ಕು ದಿನದಿಂದ ಅದನ್ನು ಮುರಿಯುತ್ತಿದ್ದೆ. "ಸಿಕ್ಕಿದ ಜಾಗದ ಹತ್ತಿರವೇ ಬಿಡಬೇಕು ಮೇಡಂ" ಎಂದರು. ಆ ಜಾಗದಲ್ಲಿ ಈಗ ಜೆಸಿಬಿ ಇದೆ ಎಂದೆ. ಅವರು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡರು.

ತೊಂದರೆ ಇದ್ದದ್ದೇ ಅಲ್ಲಿ. ಒಂದು ಬಾರಿಗೆ ಅದು ಹತ್ತಕ್ಕೂ ಹೆಚ್ಚು, ಕೆಲವೊಮ್ಮೆ ಮೂವತ್ತರ ತನಕ ಮೊಟ್ಟೆಯಿಡುತ್ತದೆ. ಕೋಳಿಯಂತೆ ಕಾವು ಕೂರುವುದಿಲ್ಲ. ಮಣ್ಣು ಮುಚ್ಚಿ, ಕಾಲಿನಿಂದ ಒತ್ತಿ ಹೊರಟುಬಿಡುತ್ತದೆ. ಮುಂದೆ ತಿಂಗಳುಗಟ್ಟಲೆ ಆ ಮೊಟ್ಟೆಗಳಿಗೆ ಮಣ್ಣೇ ತಾಯಿ. ಅಷ್ಟು ತಿಂಗಳು ಯಾರೂ ಅಗೆಯದ ಒಂದು ಗೇಣು ಜಾಗ ನಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ? ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಗೆ ಹೋಗುವ ವರ್ತುಲ ರಸ್ತೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ಶಾಲೆಗೆ ಹೋಗುವ ದಾರಿಯುದ್ದಕ್ಕೂ ಸೈಟಿನ ಬೋರ್ಡು, ಬಣ್ಣ ಬಳಿದ ಕಲ್ಲು.

ಕೊನೆಗೆ ನೆನಪಾದದ್ದು ಶಾಲೆಯಿಂದ ಎರಡು ಹೊಲ ಆಚೆಯ ಗೌಡರ ರಾಗಿ ಹೊಲ. ಬದುವಿನಲ್ಲಿ ಹಳೆಯ ಹೊಂಗೆ ಮರ, ಅದರ ಕೆಳಗೆ ಬಂದರೆ ಪೊದೆ. ಇಲಾಖೆಯವರೂ ಜೊತೆಗೇ ಬಂದರು. ನಮ್ಮ ಮೆರವಣಿಗೆ ಕಂಡು ಗೌಡರು, "ಏನ್ ಟೀಚರಮ್ಮ, ಗೋಸುಂಬೆಗೆ ಹೆರಿಗೆ ಮಾಡ್ಸೋಕ್ ಬಂದ್ರಾ?" ಎಂದು ನಕ್ಕರು. ಅತ್ತೆ ಬುರ್ಖಾದೊಳಗಿಂದಲೇ, "ಹೌದಪ್ಪ, ಜಾಗ ಕೊಡ್ತೀರಾ?" ಎಂದರು.

ಕೊಂಬೆ ಸಮೇತ ಪೊದೆಯಲ್ಲಿಟ್ಟು ನಾವು ದೂರದ ಹುಲ್ಲಿನ ಬಣವೆಯ ಮರೆಗೆ ಕುಳಿತೆವು. ಬಹಳ ಹೊತ್ತು ಅಲುಗಾಡಲಿಲ್ಲ. ಬಿಸಿಲು ಏರಿದ ಮೇಲೆ ಇಳಿಯಿತು. ಎರಡು ಕಡೆ ಕೆರೆದು ಬಿಟ್ಟಿತು. ಮೂರನೆಯ ಕಡೆ ನಿಂತು ತೋಡಿತು. ಗಂಟೆಗಟ್ಟಲೆ ತೋಡಿತು. ಇಲಾಖೆಯವರು ಕೆಲಸವಿದೆಯೆಂದು ಹೊರಟರು. ನಾವು ಊಟ ಮಾಡಿ ಬಂದೆವು, ಲುಹರ್ ಮುಗಿಸಿ ಬಂದೆವು, ಅದು ಇನ್ನೂ ಮಣ್ಣೊಳಗಿತ್ತು. ಆಮೇಲೆ ತಿರುಗಿ ಹಿಮ್ಮುಖವಾಗಿ ಗುಂಡಿಗಿಳಿದು, ಮೂತಿ ಮಾತ್ರ ಹೊರಗಿಟ್ಟು ಸ್ತಬ್ಧವಾಯಿತು. ಸಂಜೆ ಹೊತ್ತಿಗೆ ಹೊರಬಂದು ಹಿಂಗಾಲಿನಿಂದ ಮಣ್ಣು ಎಳೆಯತೊಡಗಿತು. ಹೊಟ್ಟೆ ಖಾಲಿ ಚೀಲದಂತೆ ಜೋತುಬಿದ್ದಿತ್ತು, ಕಣ್ಣು ಗುಳಿಬಿದ್ದಿತ್ತು, ಮೈ ಬೂದಿ ಬಣ್ಣ. ಆದರೂ ಒಂದೊಂದು ಹಿಡಿ ಮಣ್ಣನ್ನೂ ಒತ್ತಿ ಒತ್ತಿ ಸಮ ಮಾಡಿತು. ಮಗ ಬಾಟಲಿಯಿಂದ ಪೊದೆಯ ಎಲೆಗಳಿಗೆ ನೀರು ಚಿಮುಕಿಸಿ ಓಡಿಬಂದ. ಹತ್ತಿ ಬಂದ ಅದು ಕತ್ತಲಾಗುವವರೆಗೂ ಕುಡಿಯುತ್ತಲೇ ಇತ್ತು.

ಊಸರವಳ್ಳಿ ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸಿ ಮೋಸ ಮಾಡುತ್ತದೆ ಎಂದು ನಾನೂ ತರಗತಿಯಲ್ಲಿ ಹೇಳಿದ್ದೆ. ಚುನಾವಣೆ ಬಂದರೆ ಪಕ್ಷ ಬದಲಿಸಿದವರಿಗೆಲ್ಲ ಇದರ ಹೆಸರೇ ಬೈಗುಳ. ಆಮೇಲೆ ಓದಿದಾಗ ತಿಳಿಯಿತು. ಚರ್ಮದ ಕೋಶಗಳಲ್ಲಿರುವ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾದಂತೆ ಬಣ್ಣ ಬದಲಾಗುತ್ತದೆ ಎಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿದ್ದಾರೆ. ಹೆಚ್ಚಾಗಿ ಅದು ಬಣ್ಣ ಬದಲಿಸುವುದು ಅಡಗಲು ಅಲ್ಲ. ಭಯ, ಸಿಟ್ಟು, ಬಿಸಿಲು, ಬಸುರು ಎಲ್ಲವನ್ನೂ ಮೈಮೇಲೆ ಬರೆದುಕೊಳ್ಳಲು. ನಾಲ್ಕು ದಿನ ಅದು ನಮಗೆ ಹೇಳುತ್ತಲೇ ಇತ್ತು, ಓದಲು ನಮಗೆ ಬರಲಿಲ್ಲ.

ಗೌಡರು ಆ ಜಾಗದ ಸುತ್ತ ನಾಲ್ಕು ಕಲ್ಲಿಟ್ಟು ಮುಳ್ಳುಕಂಟಿ ಹಾಕಿದರು. ರಾಗಿ ಕೊಯ್ಲಿಗೆ ಬಂದವರಿಗೆ ಆ ಕಡೆ ಕಾಲಿಡಬೇಡಿ ಎಂದು ಹೇಳಿದರಂತೆ. ಬೇಸಿಗೆಯಲ್ಲಿ ಅವರ ಅಣ್ಣತಮ್ಮಂದಿರ ಭಾಗದ ಅಳತೆಗೆ ಸರ್ವೆಯವರು ಬಂದು, ಅದೇ ಬದುವಿನ ಮೇಲೆ ಸುಣ್ಣದ ಗೆರೆ ಎಳೆದರು. ಗೌಡರ ಮಗನಿಗೆ ಮಾರುವ ಮನಸ್ಸು. "ಮೊದಲ ಮಳೆ ಬೀಳ್ಲಿ, ಆಮೇಲೆ ನೋಡಾನ" ಎಂದು ಗೌಡರು ಮಾತು ಮುಂದಕ್ಕೆ ಹಾಕಿದ್ದರು. ಅದು ಗೋಸುಂಬೆಗಾಗಿಯೋ, ಇನ್ನೊಂದು ಬೆಳೆಗಾಗಿಯೋ ನಾನು ಕೇಳಲಿಲ್ಲ.

2023ರ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಂದು ಸಂಜೆ ನಾನು, ಮಗ, ಅತ್ತೆ ಹೋಗಿ ನೋಡಿದೆವು. ಮುಳ್ಳುಕಂಟಿಯ ಕೆಳಗೆ, ಕಲ್ಲುಗಳ ನಡುವೆ, ಬೆರಳು ತೂರುವಷ್ಟು ದೊಡ್ಡ ತೂತು. ಇಲಿ ತೋಡಿದ್ದಿರಬಹುದು ಎಂದೆ. ಮಗ ಒಪ್ಪಲಿಲ್ಲ, ಮಣ್ಣು ಒಳಗಿಂದ ಹೊರಗೆ ಬಿದ್ದಿದೆ ನೋಡು ಎಂದ. ಅತ್ತೆ ಮೊಣಕಾಲು ಹಿಡಿದುಕೊಂಡು ಬಗ್ಗಿ, ಬಂದರೆ ಪೊದೆಯ ಎಲೆಗಳನ್ನು ಒಂದೊಂದಾಗಿ ಸರಿಸಿ ನೋಡತೊಡಗಿದರು.