ಅಡ್ಡಹೆಸರಿನ ಪಟಗಳು

ನಮ್ಮ ಕಡೆ ಊರು ಬಿಟ್ಟವರಿಗೇ ಆ ಊರಿನ ಹೆಸರು ಅಂಟಿಕೊಳ್ಳುತ್ತದೆ. ಮುಂಡರಗಿಯಲ್ಲೇ ಕುಳಿತವರನ್ನು ಯಾರು ಮುಂಡರಗಿಯವರೆಂದು ಕರೆಯಬೇಕು? ಅಲ್ಲಿ ಎಲ್ಲರೂ ಮುಂಡರಗಿಯವರೇ. ಅದೇ ಮನುಷ್ಯ ಗಂಟುಮೂಟೆ ಕಟ್ಟಿಕೊಂಡು ಬಂದು ಬೆಟಗೇರಿಯ ಓಣಿಯೊಂದರಲ್ಲಿ ಮನೆ ಹಿಡಿದನೆಂದರೆ ಆಯಿತು, ಅವನು ಮುಂಡರಗಿಯವನು. ಅವನ ಮಗ ಮುಂಡರಗಿ. ಮೊಮ್ಮಗ ಶಾಲೆಯ ಹಾಜರಿ ಪುಸ್ತಕದಲ್ಲೂ ಮುಂಡರಗಿ. ಆ ಮೊಮ್ಮಗ ಮುಂಡರಗಿಯನ್ನು ಕಣ್ಣಿನಿಂದ ಕಂಡಿರಬೇಕೆಂದೇನೂ ಇಲ್ಲ.

ಹಿಂದೆ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮಿರಜಿಗೆ. ಆ ಮರಾಠಿ ಸೀಮೆಯಲ್ಲಿ ಊರ ಹೆಸರಿಗೆ ‘ಕರ’ ಎಂಬ ಬಾಲ ಹಚ್ಚುವ ವಾಡಿಕೆ. ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾಗುವ ಮೊದಲು ಕುಂದಗೋಳಕರ ಆದದ್ದು ಹಾಗೆ. ನಾವು ಬಾಲವನ್ನು ಕತ್ತರಿಸಿ ಊರನ್ನಷ್ಟೇ ಇಟ್ಟುಕೊಂಡೆವು. ಅದರಿಂದ ಗೊಂದಲವೂ ಕಡಿಮೆಯಿಲ್ಲ. ಆನಂದಕಂದ ಬೆಟಗೇರಿ ಕೃಷ್ಣಶರ್ಮರು ನಮ್ಮ ಬೆಟಗೇರಿಯವರೆಂದು ಹೆಮ್ಮೆಪಡುವವರನ್ನು ಕಂಡಿದ್ದೇನೆ. ಅವರದು ಗೋಕಾಕ ತಾಲೂಕಿನ ಬೆಟಗೇರಿ.

ಅಡ್ಡಹೆಸರು ಒಂದೇ ಆದ ಪಟಗಳನ್ನು ಸಾಲಾಗಿ ಇಟ್ಟು ನೋಡುವುದು ನನಗೊಂದು ಹುಚ್ಚು. ಅದು ಶುರುವಾದದ್ದು ಹಾನಗಲ್ಲದಿಂದ. ಗದಗಿನಲ್ಲಿ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪಟವನ್ನು ಕಾಣುತ್ತೀರಿ. ಕ್ಯಾಲೆಂಡರಿನಿಂದ ಕತ್ತರಿಸಿದ್ದೋ, ಜಾತ್ರೆಯಲ್ಲಿ ಕೊಂಡದ್ದೋ, ಕಟ್ಟು ಹಾಕಿಸಿ, ವಿಭೂತಿ ಹಚ್ಚಿ, ಮೇಲೊಂದು ಪ್ಲಾಸ್ಟಿಕ್ ಹೂವಿನ ಮಾಲೆ. 1867ರಲ್ಲಿ ಹುಟ್ಟಿ 1930ರವರೆಗೆ ಬಾಳಿದ ಇವರು ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ, 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದವರು. ಹಾನಗಲ್ಲ ಅವರು ಹುಟ್ಟಿದ ಊರಲ್ಲ, ಅದು ಅವರ ಮಠದ ಊರು. ಮನೆತನವನ್ನು ಬಿಟ್ಟು ಬಂದವರಿಗೆ ಮನೆತನದ ಹೆಸರೆಲ್ಲಿ?

ಅದೇ ಗೋಡೆಯ ಮೇಲೆ ಪಕ್ಕದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಪಕ್ಕದಲ್ಲಿ ಬಿಳಿ ಬಟ್ಟೆ, ಬಿಳಿ ರುಮಾಲಿನ ಪುಟ್ಟರಾಜ ಗವಾಯಿಗಳು. ಇಬ್ಬರೂ ಹುಟ್ಟಿದ್ದು ಹಾನಗಲ್ಲ ತಾಲೂಕಿನಲ್ಲಿ, ಒಬ್ಬರು 1892ರಲ್ಲಿ, ಇನ್ನೊಬ್ಬರು 1914ರಲ್ಲಿ. ಇಬ್ಬರಿಗೂ ಕಣ್ಣಿರಲಿಲ್ಲ. ಕುಮಾರಸ್ವಾಮಿಗಳು ಪಂಚಾಕ್ಷರಿಗಳನ್ನು ಬೆಳೆಸಿದರು, ಪಂಚಾಕ್ಷರಿಗಳು ಪುಟ್ಟರಾಜರನ್ನು ಬೆಳೆಸಿದರು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜರು 2010ರವರೆಗೆ ಇನ್ನೆಷ್ಟೋ ಮಕ್ಕಳನ್ನು ಬೆಳೆಸಿದರು. ಗವಾಯಿ ಎಂದರೆ ಹಾಡುಗಾರ, ಅಷ್ಟೆ. ಅದೂ ಒಂದು ಅಡ್ಡಹೆಸರಾಗಿ, ರಕ್ತದ ಹಂಗಿಲ್ಲದೆ, ಗುರುವಿನಿಂದ ಶಿಷ್ಯನಿಗೆ ಇಳಿದು ಬಂತು. ಗೊತ್ತಿಲ್ಲದವರು ಈ ಪಟಗಳನ್ನು ನೋಡಿದರೆ ಅಪ್ಪ–ಮಗ ಎಂದುಕೊಂಡಾರು.

ಇದಕ್ಕಿಂತ ಮೋಜಿನದು ‘ಶೋಲೆ’ಯ ಕುರುಡ ಇಮಾಮಸಾಹೇಬರದು. 1975ರ ಆ ಚಿತ್ರ ಗದಗಿಗೆ ಬಂದಾಗ, ಭಿತ್ತಿಪತ್ರದಲ್ಲಿ ಎ. ಕೆ. ಹಾನಗಲ್ ಎಂಬ ಹೆಸರು ಓದಿದವರೆಲ್ಲ “ಇವರು ನಮ್ಮ ಪೈಕಿಯವರೇ” ಎಂದುಬಿಟ್ಟರು. ಹಾನಗಲ್ಲ ಕಡೆಯ ಯಾವ ಮನೆತನದವರಿರಬಹುದು ಎಂದು ನಮ್ಮ ಓಣಿಯಲ್ಲಿ ಚರ್ಚೆಯೂ ನಡೆಯಿತು. ಅವರು ಅವತಾರ ಕಿಶನ್ ಹಾನಗಲ್, ಕಾಶ್ಮೀರಿ ಪಂಡಿತರು, ಹುಟ್ಟಿದ್ದು ಸಿಯಾಲಕೋಟದಲ್ಲಿ, ಬೆಳೆದದ್ದು ಪೇಶಾವರದಲ್ಲಿ. 2012ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ನಮ್ಮ ಹಾನಗಲ್ಲಕ್ಕೂ ಅವರಿಗೂ ಸಂಬಂಧವೇ ಇಲ್ಲ. ಆದರೂ ನನ್ನ ಸಾಲಿನಿಂದ ಅವರ ಪಟವನ್ನು ತೆಗೆಯಲು ಮನಸ್ಸಾಗಿಲ್ಲ. ಇಷ್ಟು ವರ್ಷ ನೆಂಟರೆಂದು ಇಟ್ಟುಕೊಂಡವರನ್ನು ಹೊರಗೆ ಹಾಕುವುದು ಹೇಗೆ?

ಈ ಆಟ ಆಟವಾಗಿ ಉಳಿಯದಂತೆ ಮಾಡಿದವನು ನನ್ನ ಅಣ್ಣನ ಮಗ. ಅವನು ಬೆಂಗಳೂರಿನಲ್ಲಿ ನೌಕರಿಗಿದ್ದಾನೆ, ಜಾಣ, ಮನೆತನದ ಅಭಿಮಾನ ಬಹಳ. ಹಳೆಯ ಫೋಟೊಗಳನ್ನೆಲ್ಲ ಕೂಡಿಸಿ, ತಿದ್ದಿ, ಒಂದು ಪುಸ್ತಕ ಮಾಡಿಸುವುದಾಗಿ ಹೇಳಿದ. ನಾವೆಲ್ಲ ಟ್ರಂಕು ತೆಗೆದು, ಗೆದ್ದಲು ತಿಂದ ಕಟ್ಟುಗಳನ್ನು ಬಿಚ್ಚಿ ಕೊಟ್ಟೆವು. ನನ್ನ ತವರಿನವರು ಶಿರಹಟ್ಟಿ. ಮುತ್ತಜ್ಜನ ಕಾಲಕ್ಕೇ ಬೆಟಗೇರಿಗೆ ಬಂದವರು, ಅಡ್ಡಹೆಸರು ಮಾತ್ರ ಶಿರಹಟ್ಟಿ. ಪುಸ್ತಕ ಬಂತು. ಮುತ್ತಜ್ಜನ ಕೋಟು, ಅಜ್ಜನ ರುಮಾಲು, ಅಪ್ಪ ಮತ್ತು ಕಾಕಾಂದಿರು ಕುರ್ಚಿಯ ಸುತ್ತ ನಿಂತ ಫೋಟೊ, ಎಲ್ಲ ಎಷ್ಟು ಚೆನ್ನಾಗಿ ಮೂಡಿದ್ದವೆಂದರೆ ಗುಂಡಿಗಳನ್ನು ಎಣಿಸಬಹುದಾಗಿತ್ತು.

ಎಂಬತ್ತು ದಾಟಿದ ನನ್ನ ಅವ್ವ ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ತಿರುವಿದಳು. ಕೊನೆಗೆ ಕೇಳಿದಳು:

“ನಮ್ಮವ್ವ ಎಲ್ಲದಾಳೋ ಇದರಾಗ?”

“ಅಮ್ಮಾ, ಅವರು ಲಕ್ಷ್ಮೇಶ್ವರ ಮನೆತನದವರಲ್ಲ? ಇದು ಶಿರಹಟ್ಟಿಯವರ ಪುಸ್ತಕ. ಅವರು ಇದರಾಗ ಬರಂಗಿಲ್ಲ.”

“ಹಂಗಾರ ನಾ ಹೆಂಗ ಬಂದೀನಿ?”

“ನೀವು ಶಿರಹಟ್ಟಿಯವರೇ ಅಲ್ಲ?”

ಅವ್ವ ಮಾತಾಡಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

ಹುಡುಗ ಹೇಳಿದ್ದು ಸುಳ್ಳೇನಲ್ಲ. ಲೆಕ್ಕ ಹಾಕಿ ನೋಡಿ. ನನ್ನ ಅಮ್ಮ, ಅಂದರೆ ಅವ್ವನ ಅವ್ವ, ನಮ್ಮ ಮನೆಯಲ್ಲಿ ಅಜ್ಜಿಗೆ ಹಾಗೇ ಅನ್ನುವುದು, ಮುಂಡರಗಿ ಎಂಬ ಅಡ್ಡಹೆಸರಿನ ಮನೆಯಲ್ಲಿ ಹುಟ್ಟಿ ಲಕ್ಷ್ಮೇಶ್ವರದವರ ಮನೆಗೆ ಬಂದಳು. ಅವ್ವ ಲಕ್ಷ್ಮೇಶ್ವರವಾಗಿ ಹುಟ್ಟಿ ಶಿರಹಟ್ಟಿಯಾದಳು. ನಾನು ಶಿರಹಟ್ಟಿಯಾಗಿ ಹುಟ್ಟಿ ಈಗ ಇನ್ನೇನೋ ಆಗಿದ್ದೇನೆ. ಮೂರು ತಲೆಮಾರಿನ ನಾವು ಗದಗ–ಬೆಟಗೇರಿಯನ್ನು ಬಿಟ್ಟು ಎಲ್ಲೂ ಬಾಳಿಲ್ಲ. ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋದದ್ದಕ್ಕೆ ಮೂರು ತಾಲೂಕು ತಿರುಗಿದಂತಾಯಿತು. ಸಾಲದ್ದಕ್ಕೆ ಮದುವೆಯ ದಿನ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದು ಅಮ್ಮನ ಸ್ವಂತ ಹೆಸರನ್ನೂ ಬದಲಿಸಿದ್ದರು. ಅವಳ ಒಂದೇ ಒಂದು ಫೋಟೊದ ಬೆನ್ನಿಗೆ ಮಸಿಯಲ್ಲಿ ‘ಸೌ. ಲಕ್ಷ್ಮೇಶ್ವರ’ ಎಂದಿದೆ. ಹುಟ್ಟಿದ ಹೆಸರೂ ಇಲ್ಲ, ಇಟ್ಟ ಹೆಸರೂ ಇಲ್ಲ. ಅಡ್ಡಹೆಸರಿನ ಮೇಲೆ ಫೋಟೊ ಜೋಡಿಸಿದರೆ ಗಂಡಸರೆಲ್ಲ ಅಪ್ಪನ ಹಿಂದೆ ಮಗನಂತೆ ಸಾಲಾಗಿ ನಿಲ್ಲುತ್ತಾರೆ. ಹೆಂಗಸರು ಪ್ರತಿ ಪುಟದಲ್ಲೂ ಹೊಸದಾಗಿ ಬಂದವರು.

ಆಗ ನನಗೆ ನೆನಪಾದದ್ದು ನನ್ನ ಹಾನಗಲ್ಲದ ಸಾಲಿನಲ್ಲಿದ್ದ ಇನ್ನೊಂದು ಪಟ. ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ. ಮುಂದೆ ಬಾಳು ಕೂಡಿದ್ದು ವಕೀಲ ಗುರುರಾವ್ ಕೌಲಗಿಯವರೊಂದಿಗೆ. ಲೋಕದ ರೂಢಿಯಂತಾದರೆ ಮೊದಲು ನಾಡಿಗೇರ, ಆಮೇಲೆ ಕೌಲಗಿ ಆಗಬೇಕಿತ್ತು. ಎರಡೂ ಆಗಲಿಲ್ಲ. ಹಾಡುವುದೇ ಕುಲವೃತ್ತಿಯಾದ ಹೆಂಗಸರ ಮನೆ ಅವರದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಹೆಸರಾದವರು. ಅಂಥ ಮನೆಯ ಹೆಣ್ಣಿಗೆ ಗಂಡಸರ ಮನೆತನದ ಹೆಸರು ಸಿಗುವ ಕಾಲ ಅದಾಗಿರಲಿಲ್ಲ. 1924ರಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಈ ಹುಡುಗಿ ಸ್ವಾಗತದ ಹಾಡು ಹಾಡಿದಳು. ನಮ್ಮ ಗದಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿದ್ದೂ ಆ ಬೆಳಗಾವಿಯಲ್ಲೇ. ಹಾಡುವ ಭಯ ಅವಳಿಗಿರಲಿಲ್ಲವಂತೆ. ಊಟದ ಹೊತ್ತಿಗೆ ಎಲ್ಲಿ ಬೇರೆ ಕೂರಿಸುತ್ತಾರೋ, ಎಲ್ಲಿ ಎಂಜಲೆಲೆ ಎತ್ತಿಸುತ್ತಾರೋ ಎಂಬ ಭಯವಿತ್ತು. ಹನ್ನೊಂದು ವರ್ಷದ ಮಗು!

ಮೊದಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಅವರಿಗೆ ಹುಬ್ಬಳ್ಳಿಯ ಹೆಸರಿತ್ತು, ಇದ್ದ ಊರು ಅದು. ಆಮೇಲೆ ಬಂದದ್ದು ಹಾನಗಲ್, ತಾಯಿಯ ಕಡೆಯ ಹಿರಿಯರ ಊರು. ಅಷ್ಟಕ್ಕೇ ನಿಲ್ಲಲಿಲ್ಲ. ಮಕ್ಕಳಿಗೂ ಅದೇ ಹೆಸರು ಬಂತು. ಮಗಳು ಕೃಷ್ಣಾ ಕೂಡ ಹಾನಗಲ್. ಇಬ್ಬರೂ ಕೂಡಿ ಕೂತ ಕಚೇರಿಯ ಫೋಟೊ ನನ್ನಲ್ಲಿದೆ. ಮುಂದೆ ತಾಯಿ, ಬೆನ್ನಿಗೆ ತಂಬೂರಿ ಹಿಡಿದ ಮಗಳು. ತಾಯಿಯ ದನಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆಯೋ ಅಲ್ಲಿ ಮಗಳ ದನಿ ಎತ್ತಿಕೊಳ್ಳುತ್ತಿತ್ತು. 2004ರಲ್ಲಿ ಮಗಳೇ ಮೊದಲು ಹೋದಳು, ತಾಯಿ ಇನ್ನೂ ಐದು ವರ್ಷ ಬದುಕಿದರು. 2014ರಲ್ಲಿ ಅಂಚೆ ಇಲಾಖೆ ಎಂಟು ಜನ ಸಂಗೀತಗಾರರ ಅಂಚೆಚೀಟಿ ಹೊರಡಿಸಿತು. ನಮ್ಮ ಗದಗಿನ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಕುಮಾರ ಗಂಧರ್ವರ ಜೊತೆಗೆ ಗಂಗೂಬಾಯಿ ಹಾನಗಲ್ ಅವರದೂ ಇತ್ತು. ಹೆಬ್ಬೆರಳಿನಷ್ಟು ಕಾಗದದ ಮೇಲೆ, ತಾಯಿಯ ಕಡೆಯಿಂದ ಬಂದ ಅಡ್ಡಹೆಸರು ದೇಶದ ಮುದ್ರೆಯೊಂದಿಗೆ ಅಚ್ಚಾಗಿದೆ.

ಆ ಹೆಸರು ಸುಮ್ಮನೆ ಬಂದದ್ದಲ್ಲ ಎಂಬುದು ನನಗೆ ಗೊತ್ತು. ಬೇರೆ ಹೆಸರುಗಳ ಬಾಗಿಲು ಮುಚ್ಚಿದ್ದರಿಂದ ಉಳಿದ ಹೆಸರು ಅದು. ಗರತಿಯರೆನಿಸಿಕೊಂಡ ನಮ್ಮ ಮನೆಗಳ ಹೆಂಗಸರಿಗೆ ‘ಸೌ.’ ಸಿಕ್ಕಿತು, ಹೆಸರು ಹೋಯಿತು. ಅವರಿಗೆ ‘ಸೌ.’ ಸಿಗಲಿಲ್ಲ, ಹೆಸರು ಉಳಿಯಿತು. ಯಾವುದು ಲಾಭ, ಯಾವುದು ಲುಕ್ಸಾನು ಎಂದು ನಾನು ತಕ್ಕಡಿ ಹಿಡಿಯಲಾರೆ. ಊಟದ ಪಂಕ್ತಿಯ ಆ ಭಯವನ್ನು ನಮ್ಮ ಅಮ್ಮ ಎಂದೂ ಕಾಣಲಿಲ್ಲವಲ್ಲ.

ಅಣ್ಣನ ಮಗನಿಗೆ ಗಂಗೂಬಾಯಿಯವರ ಕಥೆ ಹೇಳಿದೆ. ಕೇಳಿದ. ಈ ಸಲ ಪಂಚಮಿಗೆ ಬಂದವನು ತಾನಾಗಿಯೇ ಅವ್ವನ ಮುಂದೆ ಕೂತು, “ಅಮ್ಮಾ, ನಿಮ್ಮವ್ವನ ಫೋಟೊ ಕೊಡ್ರಿ. ಕೆಳಗ ಏನಂತ ಬರೀಲಿ?” ಎಂದ. ಅವ್ವ ಬಹಳ ಹೊತ್ತು ಯೋಚನೆ ಮಾಡಿದಳು. ಆಮೇಲೆ ತನ್ನ ಅವ್ವನ ತವರಿನ ಹೆಸರು, ಅಕ್ಕಿಯಲ್ಲಿ ಬರೆದ ಹೆಸರು, ಮುಂಡರಗಿ, ಲಕ್ಷ್ಮೇಶ್ವರ, ನಾಲ್ಕನ್ನೂ ಒಂದರ ಹಿಂದೊಂದು ಹೇಳಿ ಬರೆಸಿದಳು. ಸಾಲು ಉದ್ದವಾಗಿ ಎರಡು ಸಾಲಾಯಿತು.

ಅಷ್ಟಾದ ಮೇಲೆ ಎದ್ದು ಹೋಗಿ, ದೇವರ ಜಗುಲಿಯ ಕೆಳಗಿನ ಡಬ್ಬಿಯಿಂದ ಇನ್ನೊಂದು ಫೋಟೊ ತಂದಳು. ಮೂಲೆ ಹರಿದಿತ್ತು, ಮುಖ ಅರ್ಧ ಮಾಸಿತ್ತು. ತಲೆಯ ಮೇಲೆ ಸೆರಗು ಹೊತ್ತ ಒಬ್ಬ ಹೆಂಗಸು, ತೊಡೆಯ ಮೇಲೊಂದು ಕೂಸು.

“ಇವರ‍್ಯಾರು ಅಮ್ಮಾ?”

“ನಮ್ಮವ್ವನ ಅವ್ವ. ತೊಡಿ ಮ್ಯಾಲೆ ಇರಾಕಿ ನಾನು.”

“ಹೆಸರು?”

ಅವ್ವ ಫೋಟೊವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೆನ್ನ ಮೇಲೆ ಬೆರಳಾಡಿಸಿದಳು.

“ಯಾರಿಗ್ಗೊತ್ತೋ ತಮ್ಮಾ. ನಾವೆಲ್ಲಾ ಅಮ್ಮಾ ಅಂತಿದ್ವಿ.”