ಕಿವಿಯಲ್ಲಿ ಹೇಳಿದ ಮಾತು

ಹತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ಮೇಲೆ, 2004ರಲ್ಲಿ, ಮೊದಲ ಸಲ ನನ್ನ ಇಂಗ್ಲಿಷನ್ನು ನಾನೇ ಕೇಳಿದೆ.

ದಕ್ಷಿಣ ಭಾರತದ ಶಿಕ್ಷಕರಿಗಾಗಿ 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿದೆ. ಅಲ್ಲಿಗೆ ಒಂದು ತಿಂಗಳ ತರಬೇತಿಗೆ ಹಾಕಿದ್ದರು. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಮಗ ಇನ್ನೂ ಚಿಕ್ಕವನು. ಗೊಣಗುತ್ತಲೇ ಬಸ್ಸು ಹತ್ತಿದ್ದೆ.

ಭಾಷಾ ಪ್ರಯೋಗಾಲಯವೆಂದರೆ ಸಾಲಾಗಿ ಪುಟ್ಟ ಪುಟ್ಟ ಗೂಡುಗಳು. ಒಂದೊಂದರಲ್ಲೂ ಟೇಪ್ ರೆಕಾರ್ಡರ್, ಹೆಡ್‌ಫೋನ್. ಕ್ಯಾಸೆಟ್ಟು ಒಂದು ಪದ ಹೇಳಿ ಸುಮ್ಮನಾಗುತ್ತದೆ, ಆ ಬಿಡುವಿನಲ್ಲಿ ನಾವು ಹೇಳಬೇಕು, ಆಮೇಲೆ ಎರಡನ್ನೂ ಕೇಳಬೇಕು. ಅದು 'ಎಗ್' ಎಂದಿತ್ತು, ನಾನು 'ಯೆಗ್ಗು' ಎಂದಿದ್ದೆ! ಅಯ್ಯೋ, ಎಷ್ಟು ಮಕ್ಕಳಿಗೆ ಈ ಯೆಗ್ಗು ತಿನ್ನಿಸಿದ್ದೆನೋ ಎನಿಸಿ ಮುಖ ಬಿಸಿಯಾಯಿತು.

ಅಷ್ಟರಲ್ಲಿ ಕಿವಿಯೊಳಗೆ ಮೇಡಂ ದನಿ: "ಪರವಾಗಿಲ್ಲ, ಇನ್ನೊಂದು ಸಲ ಹೇಳಿ." ಎದುರಿನ ಮೇಜಿನಲ್ಲಿ ಕೂತು ಅವರು ತಮಗೆ ಬೇಕಾದ ಗೂಡಿಗೆ ಮಾತ್ರ ಮಾತಾಡಬಹುದಿತ್ತು. ಪಕ್ಕದಲ್ಲಿದ್ದವರಿಗೂ ತಿಳಿಯಲಿಲ್ಲ.

ಹಾಗೆಂದು ಯಂತ್ರವಿದ್ದರಷ್ಟೇ ಭಾಷೆ ಬರುತ್ತದೆ ಎಂದೇನಿಲ್ಲ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ 'ಬೆಂಗಳೂರು ಪ್ರಾಜೆಕ್ಟ್'ನಲ್ಲಿ ಯಂತ್ರದ ಹಂಗಿರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಮುಂದಿಟ್ಟು ಮಕ್ಕಳಿಂದ ಉತ್ತರ ಹುಡುಕಿಸುತ್ತಿದ್ದರು. ಹುಡುಕುವುದರಲ್ಲಿ ಮನಸ್ಸು ನೆಟ್ಟಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ವಿಚಾರ. ಊರಿಗೆ ಮರಳಿದ ಮೇಲೆ ನಾನೂ ನಮ್ಮ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿಯನ್ನು ಬರೆದುಕೊಂಡು ಹೋಗಿ ಪಾಠ ಮಾಡಿದೆ. ಕಂಡಕ್ಟರೊಬ್ಬರು ಅನುಮಾನದಿಂದ ನೋಡಿದ್ದೂ ಉಂಟು.

2020ರಲ್ಲಿ ಶಾಲೆ ಮುಚ್ಚಿದಾಗ ಅದೇ ಪಾಠವನ್ನು ವಾಟ್ಸಾಪಿನಲ್ಲಿ ಕಳಿಸಿದೆ. ಎಂಟನೇ ತರಗತಿಯ ಒಬ್ಬಳಿದ್ದಳು. ತರಗತಿಯಲ್ಲಿ ಬಾಯಿ ಬಿಟ್ಟವಳೇ ಅಲ್ಲ. ತಾಯಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಮೇಲೆ ಅವರ ಫೋನಿನಿಂದ ರಾತ್ರಿ ಹೊತ್ತು, ಮನೆಯವರು ಏಳದಂತೆ ಪಿಸುದನಿಯಲ್ಲಿ ಓದಿ ನನಗೊಬ್ಬಳಿಗೇ ಕಳಿಸುತ್ತಿದ್ದಳು. ದಿನವೂ, ತಪ್ಪದೆ.

ಒಂದು ದಿನ ಅದನ್ನು ಗುಂಪಿಗೆ ಹಾಕಿಬಿಟ್ಟೆ. ಜೊತೆಗೆ ನನ್ನ ತಿದ್ದುಪಡಿ ಬೇರೆ! ಹೊಗಳಬೇಕೆಂದೇ ಹಾಕಿದ್ದೆ, ನಿಜ. ಆದರೆ ಹುಡುಗರು ನಗುವ ಮುಖಗಳನ್ನು ಸಾಲಾಗಿ ಹಾಕಿದರು. ಮರುದಿನದಿಂದ ಅವಳು ಕಳಿಸಲಿಲ್ಲ. ಫೋನು ಮಾಡಿದರೆ ತಾಯಿ, "ಯಾಕೋ ಬೇಡ ಅಂತಾಳೆ ಮೇಡಂ" ಎಂದರು. ಅಂದು ನನಗೆ ಊಟ ಸೇರಲಿಲ್ಲ. ಮೇಡಂ ನನಗೆ ಕಿವಿಯಲ್ಲಿ ಹೇಳಿದ್ದನ್ನು ನಾನು ಈ ಮಗುವಿಗೆ ಬೀದಿಯಲ್ಲಿ ನಿಂತು ಹೇಳಿದ್ದೆ.

ಶಾಲೆ ತೆರೆದ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಅವಳ ಬೆಂಚಿನಲ್ಲೇ ಹೋಗಿ ಕೂತೆ. "ತಪ್ಪಾಯ್ತು ಕಣೇ" ಎಂದೆ. ಅವಳು ತಲೆ ಎತ್ತಲಿಲ್ಲ. ಆಗ ಅದೇ ಪಾಠವನ್ನು ನಾನೇ ಓದಿ, ಫೋನಿನಲ್ಲಿ ರೆಕಾರ್ಡು ಮಾಡಿ, ಅವಳ ಕಿವಿಗೆ ಹಿಡಿದೆ. ಬೇಕೆಂದು ತಪ್ಪು ಓದಿದ್ದೇನಲ್ಲ, ಅವಸರದಲ್ಲಿ ನನಗೆ ಈಗಲೂ ಹಳೆಯದೇ ಬರುತ್ತದೆ.

ಕೇಳುತ್ತಾ ಕೇಳುತ್ತಾ ಅವಳು ಅತ್ತಿತ್ತ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, "ಮಿಸ್, ನೀವು ಯೆಗ್ಗು ಅಂದ್ರಿ" ಎಂದಳು.